ನೀಲಮ್ಮ ತೋಳು ಕೊಟ್ಟ ದಿನ

ಹೊಸದಾಗಿ ನರ್ಸಿನ ಕೆಲಸಕ್ಕೆ ಸೇರಿದ ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿದಾದ ಮೇಲೆ, ನಿಮ್ಮ ಸರ್ವೀಸಿನಲ್ಲಿ ಎಂಥೆಂಥ ಕೇಸು ನೋಡಿದಿರಿ ಎಂದು ಕೇಳುತ್ತಾರೆ. ಅವರಿಗೆ ಬೇಕಾದದ್ದು ಹಾವು ಕಚ್ಚಿದವನು ಎದ್ದು ಕೂತ ಕಥೆ, ಎತ್ತಿನ ಗಾಡಿಯಲ್ಲೇ ಹೆರಿಗೆ ಮಾಡಿಸಿದ ಕಥೆ. ಅವೂ ಇವೆ. ಆದರೆ ನಾನು ಹೇಳುವುದು ಬೇರೆ. ಸೂಜಿ ಕಂಡರೆ ಗೋಡೆ ಹಾರುವವರು, ಮುಟ್ಟಿದರೆ ಕಿರುಚುವವರು, ಎಷ್ಟು ಮಾತಾಡಿದರೂ ಸಮಾಧಾನವಾಗದವರು ನಿಮ್ಮ ಎದುರು ಬಂದೇ ಬರುತ್ತಾರೆ. ಅಂಥ ಕೆಲವರ ಬಗ್ಗೆ ಪುಸ್ತಕದಲ್ಲಿ ಆಟಿಸಂ ಎಂದು ಬರೆದಿರುತ್ತದೆ. ಅಂಥವರಿಗೆ ಲಸಿಕೆ ಹಾಕುವುದು ಹೇಗೆ ಎಂಬುದನ್ನು ನನಗೆ ಕಲಿಸಿದವಳು ನೀಲಮ್ಮ. ಆಕೆಯನ್ನು ನೆನೆದರೆ ಈಗಲೂ ನನ್ನ ಮಾತು ನಿಂತುಹೋಗುತ್ತದೆ. ನನ್ನ ಮಾತು ನಿಲ್ಲುವುದು ಸಣ್ಣ ಸಂಗತಿಯಲ್ಲ, ಬೇಕಾದರೆ ನಮ್ಮ ಮನೆಯವರನ್ನು ಕೇಳಿ.

ನನ್ನ ತವರು ಭಾಲ್ಕಿ ಕಡೆ, ಗಂಡನ ಮನೆ ಗಡಿಯಾಚೆ ಮಹಾರಾಷ್ಟ್ರದ ಮುರುಮ. ಉಮರ್ಗಾ, ನಿಲಂಗಾ, ಉದಗೀರ ಎಂದು ವರ್ಗವಾಗುತ್ತಾ ವರ್ಗವಾಗುತ್ತಾ ಸರಕಾರಿ ದವಾಖಾನೆಗಳಲ್ಲೇ ತಲೆ ನರೆಯಿತು. ಯಾವುದು ಎಲ್ಲಿ ನಡೆಯಿತೆಂದು ಬಿಡಿಸಿ ಹೇಳುವುದಿಲ್ಲ. ಬದುಕಿರುವವರಿದ್ದಾರೆ, ಅವರ ಹೆಸರುಗಳನ್ನೂ ಬದಲಿಸಿದ್ದೇನೆ. ಬಡ್ತಿ ಯಾವಾಗ ಸಿಕ್ಕಿತೆಂಬುದೂ ಬೇಡ. ಸಿಕ್ಕಾಗ ಪೇಢೆ ಹಂಚಿದ್ದೆ, ಅಲ್ಲಿಗೆ ಆ ವಿಷಯ ತೀರಿತು.

ನಾನು ಸೇರಿದಾಗ ಗಾಜಿನ ಸಿರಿಂಜು, ಸ್ಟೋವಿನ ಮೇಲೆ ಕುದಿಸುವ ಸೂಜಿ. ಅದೇ ಸೂಜಿ ಹತ್ತಾರು ಜನರಿಗೆ ಹೋಗಿ ಹೋಗಿ ಮೊಂಡಾಗುತ್ತಿತ್ತು. ನಮಗೆ ಕೆಲಸ ಕಲಿಸಿದ ಹಿರಿಯ ಸಿಸ್ಟರನ್ನು ಎಲ್ಲರೂ ಮೋಠ್ಯಾ ಬಾಯಿ, ಅಂದರೆ ದೊಡ್ಡ ಅಮ್ಮನವರು ಎನ್ನುತ್ತಿದ್ದರು. ಆಕೆಯ ವಿದ್ಯೆ ಸರಳವಾದದ್ದು. ಮೊದಲು ಗಟ್ಟಿಯಾಗಿ ಹಿಡಿಸು, ಆಮೇಲೆ ಗಟ್ಟಿಯಾಗಿ ಮಾತಾಡು, ಚುಚ್ಚುವ ಹೊತ್ತಿಗೆ ‘ಝಾಲಂ, ಝಾಲಂ’ ಎನ್ನು. ಮರಾಠಿಯವರಿಗೆ ಝಾಲಂ, ಕನ್ನಡದವರಿಗೆ ಮುಗೀತು. ಸೂಜಿ ಇನ್ನೂ ಒಳಗೆ ಹೋಗುತ್ತಿರುವಾಗಲೇ ಮುಗೀತು ಎಂದುಬಿಡಬೇಕು. ನನ್ನ ದನಿ ಹುಟ್ಟಿನಿಂದಲೇ ದೊಡ್ಡದು, ಆದ್ದರಿಂದ ಈ ವಿದ್ಯೆ ನನಗೆ ಬೇಗ ಕೈಹತ್ತಿತು. ಸಾವಿರಾರು ತೋಳುಗಳ ಮೇಲೆ ಈ ಸುಳ್ಳು ಹೇಳಿದ್ದೇನೆ, ಯಾರೂ ಒಮ್ಮೆಯೂ ತಕರಾರು ಮಾಡಿರಲಿಲ್ಲ.

ಕಾಲ ಬದಲಾಯಿತು. ಒಮ್ಮೆ ಬಳಸಿ ಬಿಸಾಡುವ ಸಿರಿಂಜು ಬಂತು. ಜಿಲ್ಲೆಯಿಂದ ತರಬೇತಿ ಕೊಡಲು ಒಬ್ಬ ಮೇಡಂ ಬಂದರು. ಆಟಿಸಂ ಇರುವವರಿಗೆ ಏನು ಮಾಡಲಿದ್ದೀರೆಂದು ಮೊದಲೇ ತೋರಿಸಿ, ಸಿರಿಂಜನ್ನು ಮುಟ್ಟಿ ನೋಡಲು ಬಿಡಿ, ಸದ್ದು ಕಡಿಮೆ ಮಾಡಿ, ಸರದಿಯಲ್ಲಿ ಕಾಯಿಸಬೇಡಿ, ಸುಳ್ಳು ಹೇಳಬೇಡಿ ಎಂದರು. ಒಂದು ಬದನೆಕಾಯಿಗೆ ನೀರು ಚುಚ್ಚಿ ತೋರಿಸಿದರು. ನಾವು ಹಿಂದಿನ ಬೆಂಚಿನವರು ಮುಸಿಮುಸಿ ನಕ್ಕೆವು. ನಮ್ಮ ಆಯಾ, ಅಂದರೆ ನಾವೆಲ್ಲ ಮಾವಶಿ ಎಂದು ಕರೆಯುವಾಕೆ, ಆ ಬದನೆಕಾಯಿಯನ್ನು ಸಂಜೆ ಮನೆಗೊಯ್ದು ಪಲ್ಯ ಮಾಡಿದಳು. ತರಬೇತಿ ಅಲ್ಲಿಗೆ ಜೀರ್ಣವಾಯಿತೆಂದೇ ನಾನು ತಿಳಿದಿದ್ದೆ.

ಅದಾಗಿ ಸ್ವಲ್ಪ ಕಾಲಕ್ಕೆ ನೀಲಮ್ಮ ಬಂದಳು. ಇಪ್ಪತ್ತರ ಆಸುಪಾಸಿನ ಹುಡುಗಿ, ದೇವಣಿ ಕಡೆಯ ಒಕ್ಕಲುತನದ ಮನೆಯವಳು. ಮಾತು ಬಹಳ ಕಡಿಮೆ. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ತಿರುಗುವ ವಸ್ತು ಕಂಡರೆ ಅಲ್ಲೇ ನಿಲ್ಲುತ್ತಿದ್ದಳು. ಓಣಿಯ ಜನ ಆಕೆಯನ್ನು ಹುಚ್ಚಿ ಎನ್ನುತ್ತಿದ್ದರು. ಮರಾಠಿ ಪೇಪರಿನವರು ಆಟಿಸಂ ಇರುವವರಿಗೆ ಸ್ವಮಗ್ನ ಎಂದು ಬರೆಯುತ್ತಾರೆ, ತನ್ನಲ್ಲೇ ಮುಳುಗಿದವರು ಎಂದು. ನನಗೆ ಎರಡೂ ಒಪ್ಪಿಗೆಯಿಲ್ಲ. ಆ ಮನೆಯ ಕೊಟ್ಟಿಗೆಯಲ್ಲಿ ಯಾವ ಆಕಳು ಯಾವ ಮೂಲೆಯಲ್ಲಿ ಮಲಗುತ್ತದೆ, ಯಾವ ಕರು ಮೇವು ಬಿಟ್ಟಿದೆ ಎಂದು ಆಕೆಗೆ ತಿಳಿದಷ್ಟು ಮನೆಯ ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಕರುವಿನ ಮೇಲೆ ಬಿದ್ದ ನಾಯಿಯನ್ನು ಓಡಿಸಲು ಹೋಗಿ ಕಾಲಿಗೆ ಕಚ್ಚಿಸಿಕೊಂಡಿದ್ದಳು. ತಂದೆ ಶರಣಪ್ಪ, ತಾಯಿ ಗಂಗಾಬಾಯಿ ಆಕೆಯನ್ನು ಟಮಟಮ ಆಟೋದಲ್ಲಿ ಕೂರಿಸಿಕೊಂಡು ಬಂದರು. ಗಾಯ ಆಳವಾಗಿತ್ತು. ಸಾಬೂನು ಹಚ್ಚಿ ನಲ್ಲಿಯ ಕೆಳಗೆ ತೊಳೆದಾಗ ಆಕೆ ಸುಮ್ಮನಿದ್ದಳು. ಗಾಯದ ಸುತ್ತ ಔಷಧಿ ಚುಚ್ಚುವಾಗ ಗಂಡಸರೂ ಅವ್ವನನ್ನು ಕೂಗುತ್ತಾರೆ. ನೀಲಮ್ಮ ಮೇಲೆ ತಿರುಗುತ್ತಿದ್ದ ಫ್ಯಾನ್ ನೋಡುತ್ತಾ, ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದು ಎಲ್ಲವನ್ನೂ ತಡೆದುಕೊಂಡಳು. ನಾನು ಶಹಬ್ಬಾಸ್ ಎಂದೆ. ಇನ್ನು ಉಳಿದದ್ದು ಎರಡೂ ತೋಳಿಗೆ ನಾಯಿ ಹುಚ್ಚಿನ ಲಸಿಕೆಯ ಒಂದೊಂದು ಸಣ್ಣ ಸೂಜಿ. ತೋಳೇರಿಸಿ, ಸ್ಪಿರಿಟ್ ಹತ್ತಿಯಿಂದ ಒಮ್ಮೆ ಒರೆಸಿದೆ ಅಷ್ಟೆ, ಆಕೆ ಚೀರಿದ ಚೀರಿಗೆ ಹೊರಗಿನ ಜನವೆಲ್ಲ ಬಾಗಿಲಿಗೆ ಬಂದರು.

ಆಮೇಲೆ ನಡೆದದ್ದು ನಮ್ಮಲ್ಲಿ ಯಾವಾಗಲೂ ನಡೆಯುತ್ತಿದ್ದದ್ದೇ. ತಂದೆ ಕಾಲು ಹಿಡಿದ, ಮಾವಶಿ ಹೆಗಲು ಹಿಡಿದಳು, ಕಂಪೌಂಡರ್ ಕೈ ಹಿಡಿದ. ನಾನು ‘ಮುಗೀತು, ಮುಗೀತು’ ಎನ್ನುತ್ತಾ ಒಂದು ತೋಳಿಗೆ ಹಾಕಿದೆ, ಮುಗೀತು ಎನ್ನುತ್ತಲೇ ಇನ್ನೊಂದಕ್ಕೂ ಹಾಕಿದೆ. ನೋವು ತಡೆದು ತಡೆದು ಕೊನೆಗೆ ಸಹನೆ ಮೀರಿತು ಎಂದು ನಾವೆಲ್ಲ ಮಾತಾಡಿಕೊಂಡೆವು. ಅದು ಎಷ್ಟು ಸಹಜವಾಗಿ ಕೇಳಿಸಿತೆಂದರೆ ಬೇರೆ ಕಾರಣ ಹುಡುಕಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಎರಡನೆಯ ಸರತಿಯ ದಿನ ಟಮಟಮ ದವಾಖಾನೆಯ ಗೇಟಿಗೆ ಬಂತು, ನೀಲಮ್ಮ ಇಳಿಯಲಿಲ್ಲ. ಎರಡೂ ತೋಳುಗಳನ್ನು ಅಪ್ಪಿಕೊಂಡು ಸೀಟಿನ ಕೆಳಗೆ ಮುದುಡಿ ಕೂತಿದ್ದಳು. ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂದಿತ್ತು. ಕಚ್ಚಿದ ನಾಯಿ ಸತ್ತಿತ್ತು, ಅದು ಸಾಯುವ ಮುಂಚೆ ಜೊಲ್ಲು ಸುರಿಸುತ್ತಾ ಓಡಾಡಿದ್ದನ್ನು ಊರೆಲ್ಲ ನೋಡಿತ್ತು. ನಾಯಿ ಹುಚ್ಚು ಒಮ್ಮೆ ಮನುಷ್ಯನಿಗೆ ಹತ್ತಿತೆಂದರೆ ಆಮೇಲೆ ಔಷಧಿಯಿಲ್ಲ. ಅದರಿಂದ ಸತ್ತವರನ್ನು ನಾನು ಕಂಡಿದ್ದೇನೆ. ಒಂದು ಲೋಟ ನೀರು ಕಂಡು ಅವರು ನಡುಗುವುದನ್ನು ಕಂಡವರು ಮರೆಯುವುದಿಲ್ಲ. ಮೊದಲ ಸೂಜಿಗಳು ಆಗಿದ್ದರೂ ಉಳಿದವು ತಪ್ಪಿದರೆ ಆ ಹುಡುಗಿಯ ಜೀವಕ್ಕೆ ಯಾರೂ ಭರವಸೆ ಕೊಡುವಂತಿರಲಿಲ್ಲ.

ನಮ್ಮ ಡಾಕ್ಟರ್ ಸಾಹೇಬರು ಕೊಂಕಣದ ಕಡೆಯವರು, ಮುಂಗೋಪಿ, ಆದರೆ ಕೆಲಸದಲ್ಲಿ ಚೊಕ್ಕ. ಲಾತೂರಿನ ದೊಡ್ಡ ದವಾಖಾನೆಗೆ ಕರೆದೊಯ್ದು ಅಮಲಿನ ಔಷಧಿ ಕೊಟ್ಟು ಲಸಿಕೆ ಹಾಕಿಸೋಣ ಎಂದರು. ಅದು ತಪ್ಪು ಮಾತೇನಲ್ಲ, ಎಷ್ಟೋ ಸಲ ಅದೇ ದಾರಿ. ಆದರೆ ಮುಂದಿನ ಪ್ರತಿ ಸರತಿಗೂ, ನಾಳೆ ಜ್ವರ ಬಂದರೂ, ಹಲ್ಲು ನೋವಾದರೂ ಹೀಗೇ ಮಾಡಬೇಕೇ ಎಂದು ನಾನು ಕೇಳಿದೆ.  ಹೊರಗೆ ಶರಣಪ್ಪ ಕಟ್ಟೆಯ ಮೇಲೆ ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ.

“ಸಿಸ್ಟರ್, ನಾಯಿ ಕಚ್ಚಿದ್ದು ಒಂದ ಸರ್ತಿರಿ,” ಅಂದ. “ನಾವು ಮಂದಿ ಕೂಡಿ ಹಿಡಿದ್ವಲ್ಲ, ಅದು ಆಕಿಗಿ ದಿನಾ ಕಚ್ಚಲತ್ತದ. ರಾತ್ರಿ ಎದ್ದು ತೋಳ ತೊಳಕೋತಾಳ.”

ನಾನು ತಿರುಗಿ ಒಳಗೆ ಹೋದೆ. ಸಾಹೇಬರಲ್ಲಿ ಎರಡು ದಿನದ ಅವಕಾಶ ಕೇಳಿದೆ. ಎರಡು ದಿನ ತಡವಾದರೆ ನಡೆಯುತ್ತದೆ, ಅದಕ್ಕಿಂತ ಬೇಡ, ನಾಡಿದ್ದು ಮಧ್ಯಾಹ್ನಕ್ಕೆ ಲಾತೂರಿನ ಗಾಡಿ ಹೇಳಿರುತ್ತೇನೆ ಎಂದರು.

ಮರುದಿನ ಬೆಳಗಿನ ಮೊದಲ ಎಸ್.ಟಿ. ಬಸ್ಸು ಹಿಡಿದು ಅವರ ಊರಿಗೆ ಹೋದೆ. ಬಾಯಿ ಮುಚ್ಚಿಕೊಂಡು ಅಂಗಳದಲ್ಲಿ ಕೂರಬೇಕೆಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡಿದ್ದೆ. ನೀಲಮ್ಮ ಜಳಕ ಮಾಡಿ ಬಂದಳು. ಪಡಸಾಲೆಯಲ್ಲಿ ಮಣೆಯ ಮೇಲೆ ಕೂತು, ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು ಹಚ್ಚಿಕೊಳ್ಳತೊಡಗಿದಳು. ಮೂರು ಬೆರಳು ಹಣೆಯ ಮೇಲೆ, ಕೊರಳ ಮೇಲೆ, ಆಮೇಲೆ ಎಡ ತೋಳು, ಬಲ ತೋಳು. ಗೆರೆ ಒಂದಿಷ್ಟೂ ಸೊಟ್ಟಾಗುವಂತಿಲ್ಲ. ಆದರೆ ಒರೆಸಿ ಮತ್ತೆ ಹಚ್ಚುವುದೂ ಇಲ್ಲ, ಯಾಕೆಂದರೆ ಸೊಟ್ಟಾಗುತ್ತಲೇ ಇರಲಿಲ್ಲ. ಆಮೇಲೆ ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಪತ್ರೆ ಏರಿಸಿ ಪೂಜೆ ಮಾಡಿದಳು. ಈಗ ಇಲ್ಲದ ಮುತ್ಯಾ, ಅಂದರೆ ಅಜ್ಜ, ಕಲಿಸಿದ ಕ್ರಮವಂತೆ. ಮನೆಯ ಬೇರೆ ಹೆಂಗಸರು ಹಣೆಗಷ್ಟೇ ಹಚ್ಚಿ ಕೆಲಸಕ್ಕೆ ಏಳುತ್ತಾರೆ. ಮುತ್ಯಾನ ಕ್ರಮವನ್ನು ಪೂರ್ತಿ ಉಳಿಸಿಕೊಂಡವಳು ಈಕೆ ಒಬ್ಬಳೇ.

ಗಂಗಾಬಾಯಿ ನನಗೆ ಚಹಾ ಕೊಡುತ್ತಾ ಮಾತಿನ ಮೇಲೆ ಮಾತು ಬಂದು ಹೇಳಿದಳು. ಸಂಜೆಯ ಜಳಕದ ತನಕ ಆ ವಿಭೂತಿಯನ್ನು ಯಾರೂ ಮುಟ್ಟುವಂತಿಲ್ಲ. ಮಳೆ ಬಂದರೆ ಸೆರಗು ಸುತ್ತಿಕೊಳ್ಳುತ್ತಾಳೆ. ಕರು ತೋಳು ನೆಕ್ಕಲು ಬಂದರೆ ಸರಿಯುತ್ತಾಳೆ. ಎಂದೋ ಒಮ್ಮೆ ಚಿಕ್ಕಮ್ಮ ಮುದ್ದು ಮಾಡುತ್ತಾ ಒರೆಸಿದ್ದಕ್ಕೆ ಎರಡು ಹೊತ್ತು ಊಟ ಬಿಟ್ಟಿದ್ದಳು.

ಚಹಾದ ಬಸಿ ನನ್ನ ಕೈಯಲ್ಲೇ ಉಳಿಯಿತು. ಕಾಲಿನಲ್ಲಿ ವಿಭೂತಿ ಇರಲಿಲ್ಲ, ಅಲ್ಲಿ ಅಷ್ಟೊಂದು ಚುಚ್ಚಿದರೂ ತಡೆದುಕೊಂಡಳು. ಆಕೆ ಚೀರಿದ್ದು ಸೂಜಿಗಲ್ಲ, ನನ್ನ ಹತ್ತಿಗೆ. ಹೊರಗಿನ ಊರಿನ ನರ್ಸ್ ಆಗಿದ್ದರೆ ‘ತೋಳಿಗೆ ಇದೇನು ಬಿಳಿ’ ಎಂದಾದರೂ ಕೇಳುತ್ತಿದ್ದಳು. ನಾನು ವಿಭೂತಿಯ ಮನೆಯಲ್ಲಿ ಹುಟ್ಟಿ ವಿಭೂತಿಯ ಮನೆ ಸೇರಿದವಳು. ಕಂಪೌಂಡರನೂ ನಮ್ಮವನೇ. ದಿನಾ ನೂರು ತೋಳುಗಳ ವಿಭೂತಿಯನ್ನು ಬೆವರಿನ ಜೊತೆಗೇ ಒರೆಸಿ ಹಾಕಿದ ನಮಗೆ ಅದು ಕಣ್ಣಿಗೇ ಬೀಳುತ್ತಿರಲಿಲ್ಲ. 

ಕಾರಣ ತಿಳಿಯಿತು, ದಾರಿ ಸಿಗಲಿಲ್ಲ. ವಿಭೂತಿ ಹಚ್ಚುವ ಮೊದಲೇ ದವಾಖಾನೆಗೆ ಕರೆತನ್ನಿ ಎಂದೆ. ಗಂಗಾಬಾಯಿ ನನ್ನನ್ನೇ ತಿಳಿಗೇಡಿಯನ್ನು ನೋಡುವಂತೆ ನೋಡಿದಳು.

“ಪೂಜಾ ಆಗಲಾರದ ಆಕಿ ಗುಟುಕ ನೀರ ಕುಡ್ಯಾಲ್ಲರಿ, ಹೊಸ್ತಿಲ ದಾಟ್ತಾಳೇನು? ಮುತ್ಯಾ ಸತ್ತ ದಿವಸ ಸೈತ ಪೂಜಾ ಮಾಡೇ ಹೊರಗ ಬಂದಾಳ.”

ತೋಳಿನಲ್ಲಿ ಒಂದಿಷ್ಟು ಜಾಗ ಬಿಟ್ಟು ಹಚ್ಚಿಕೊಳ್ಳಲಿ ಎಂದೆ. ಅದೂ ಆಗದು ಎಂದಳು. ಆಗ ನನಗೆ ಆ ತರಬೇತಿಯ ಮೇಡಂ ನೆನಪಾದರು. ಬದನೆಕಾಯಿ ಬೇಡವೆನಿಸಿತು. ಅವರ ಮನೆಯ ವಿಭೂತಿಯನ್ನೇ ಬೇಡಿ ನನ್ನ ತೋಳಿಗೆ ಹಚ್ಚಿಕೊಂಡೆ. ನೀಲಮ್ಮ ಹಗ್ಗ ಹೊಸೆಯುತ್ತಾ ಕೂತಿದ್ದಳು. ಆಕೆಯಿಂದ ಸ್ವಲ್ಪ ದೂರದಲ್ಲಿ ಕೂತು, ಹತ್ತಿಯಿಂದ ನನ್ನ ತೋಳು ಒರೆಸಿದೆ. ಆಕೆ ಮುಖ ತಿರುಗಿಸಿದಳು. ಸೂಜಿಯಿಲ್ಲದ ಸಿರಿಂಜನ್ನು ಒತ್ತಿ ತೋರಿಸಿದೆ, ಮತ್ತೆ ವಿಭೂತಿ ಹಚ್ಚಿಕೊಂಡೆ. ನನ್ನ ಸರ್ವೀಸಿನಲ್ಲೇ ಅಷ್ಟು ಸಣ್ಣ ದನಿಯಲ್ಲಿ ನಾನು ಮಾತಾಡಿದ್ದು ಅದೇ ಮೊದಲು.

“ನೀಲಮ್ಮ, ಒರಸಬೇಕಾಗ್ತದ ನೋಡವ್ವ. ವಿಭೂತಿ ಮ್ಯಾಲ ಸೂಜಿ ಹಾಕಲಕ್ಕ ಬರಂಗಿಲ್ಲ. ಎರಡೂ ತೋಳಿಗಿ ಒಂದೊಂದು ಅದ. ಆವತ್ತ ನಾ ಮುಗೀತು ಅಂದಿದ್ದು ಖರೇ ಅಲ್ಲ. ನಾಳಿ ಹಂಗ ಅನ್ನಲ್ಲ. ಯಾರೂ ಹಿಡ್ಯಾಲ್ಲ.”

ಆಕೆ ಹಗ್ಗ ಹೊಸೆಯುತ್ತಲೇ ಇದ್ದಳು. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಸುಮ್ಮನೆ ಎದ್ದು ಬಂದೆ. ಬಸ್ಸಿನಲ್ಲಿ ಕೂತು, ಇದು ಆಕೆಯಿಂದ ಆಗದ ಮಾತು, ನಾಳೆ ಲಾತೂರಿನ ಗಾಡಿಯೇ ಗತಿ ಎಂದು ಮನಸ್ಸನ್ನು ಗಟ್ಟಿ ಮಾಡಿಕೊಂಡೆ.

ಆದರೂ ಮರುದಿನ ಬೇಗ ಹೋಗಿ ಪಕ್ಕದ ಸಣ್ಣ ಕೋಣೆ ತೆರವು ಮಾಡಿಸಿದೆ. ಆ ದಿನ ನೆಲಕ್ಕೆ ಫಿನೈಲ್ ಬೇಡ ಎಂದೆ. ಫ್ಯಾನ್ ತಿರುಗುತ್ತಿರಲಿ ಎಂದೆ. ಮಾವಶಿ, ಯಾವ ಮಂತ್ರಿ ಬರುತ್ತಾನೆ ಎಂದು ಗೊಣಗಿದಳು. ಓ.ಪಿ.ಡಿ. ತುಂಬಿತು, ಅರ್ಧ ಖಾಲಿಯೂ ಆಯಿತು. ಲಾತೂರಿನ ಗಾಡಿಯ ಡ್ರೈವರ್ ಬಂದು ಎರಡು ಸಲ ಇಣುಕಿ ಹೋದ. ಆಗ ಟಮಟಮ ಬಂದು ನಿಂತಿತು.

ಮೊದಲು ಇಳಿದವಳು ನೀಲಮ್ಮ. ಕೂದಲು ಇನ್ನೂ ಒದ್ದೆಯಾಗಿತ್ತು. ಹಣೆ ಖಾಲಿಯಿತ್ತು. ಬಲಗೈಯಲ್ಲಿ ಬಿಳಿ ಬಟ್ಟೆಯ ಒಂದು ಗಂಟು, ಎದೆಗೆ ಒತ್ತಿ ಹಿಡಿದಿದ್ದಳು. ಹಿಂದೆ ಗಂಗಾಬಾಯಿ ಕಣ್ಣೊರೆಸಿಕೊಳ್ಳುತ್ತಾ ಬರುತ್ತಿದ್ದಳು.

“ಯಾರೂ ಏನೂ ಹೇಳಿಲ್ಲರಿ,” ಅಂದಳು. “ಜಳಕಾ ಮಾಡಿ ಬಂದು, ವಿಭೂತಿ, ಪತ್ರಿ, ತಂಬಗಿ ಎಲ್ಲಾ ಗಂಟ ಕಟ್ಟಿದಳು. ಹೊಸ್ತಿಲ ಮ್ಯಾಲ ಭಾಳ ಹೊತ್ತ ಕುಂತಳು. ಆಮ್ಯಾಲ ನಡಿ ಅಂದಳು.”

 ಈ ಹುಡುಗಿ ಒಂದು ಬಟ್ಟಲು ಅತ್ತಿತ್ತ ಆದರೂ ಸಹಿಸುವುದಿಲ್ಲ ಎಂದು ಮನೆಯವರೇ ಹೇಳಿದ್ದರು. ಅಂಥವಳು ತನ್ನ ದಿನವನ್ನೇ ಬುಡಸಮೇತ ಎತ್ತಿ, ಗಂಟು ಕಟ್ಟಿ, ತನ್ನನ್ನು ಕೆಡವಿ ಹಿಡಿದ ಅದೇ ದವಾಖಾನೆಗೆ ತಂದಿದ್ದಳು. ಹೊಸ್ತಿಲ ಮೇಲೆ ಕೂತ ಆ ಹೊತ್ತಿನಲ್ಲಿ ಆಕೆಯೊಳಗೆ ಏನು ನಡೆಯಿತೋ ನಾನರಿಯೆ. ನಾವು ವ್ರತ ಬಿಡುತ್ತೇವೆ, ಪೂಜೆ ಬಿಡುತ್ತೇವೆ, ಮಧ್ಯಾಹ್ನಕ್ಕೆ ಮರೆತೂ ಬಿಡುತ್ತೇವೆ. ಆಕೆ ಬಿಡಲೂ ಇಲ್ಲ, ಮುರಿಯಲೂ ಇಲ್ಲ, ಸರಿಸಿದಳು. ಅದಕ್ಕೆ ಬೇಕಾದ ಶಕ್ತಿ ನನ್ನಲ್ಲಿಲ್ಲ, ನನಗೆ ಗೊತ್ತಿರುವ ಯಾರಲ್ಲೂ ನಾನು ಕಂಡಿಲ್ಲ.

ಸಣ್ಣ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತಳು. ಗಂಟನ್ನು ಮಡಿಲಲ್ಲಿಟ್ಟಳು. ಫ್ಯಾನ್ ನೋಡಿದಳು. ತಾನೇ ಎಡ ತೋಳೇರಿಸಿ ನನ್ನ ಕಡೆ ಕೊಟ್ಟಳು. ಬರಿ ತೋಳು, ಅದರ ಮೇಲೆ ಏನೂ ಇರಲಿಲ್ಲ. ಆಕೆ ಅದನ್ನು ಎಷ್ಟು ಉಜ್ಜಿ ತೊಳೆದಿದ್ದಳೆಂದರೆ ಕೆಂಪಾಗಿತ್ತು. ಈಗ ಒರೆಸುತ್ತೇನೆ ಎಂದೆ, ಒರೆಸಿದೆ. ಈಗ ಚುಚ್ಚುತ್ತೇನೆ ಎಂದೆ, ಚುಚ್ಚಿದೆ. ರೂಢಿಯಂತೆ ‘ಮುಗೀತು’ ಎಂಬ ಮಾತು ತುಟಿಯ ತನಕ ಬಂತು, ನುಂಗಿಕೊಂಡೆ. ಯಾರೂ ಹಿಡಿಯಲಿಲ್ಲ. ಆಕೆ ಸ್ಟೂಲಿನ ಮೇಲೆ ತಿರುಗಿ ಕೂತು, ಕೇಳುವ ಮೊದಲೇ ಬಲ ತೋಳು ಕೊಟ್ಟಳು. ಅಲ್ಲಿಗೂ ಹೇಳಿ ಒರೆಸಿದೆ, ಹೇಳಿ ಚುಚ್ಚಿದೆ. 

ಆಮೇಲೆ ಗಂಟು ಬಿಚ್ಚಿದಳು. ಮಾವಶಿ ಓಡಿಹೋಗಿ ಒಂದು ಮಣೆ ಎಲ್ಲಿಂದಲೋ ಹುಡುಕಿ ತಂದಳು. ಗೋಡೆಯ ಕಡೆ ಮುಖ ಮಾಡಿ ನೀಲಮ್ಮ ವಿಭೂತಿ ಹಚ್ಚಿಕೊಂಡಳು. ಸೂಜಿ ಹೋದ ಜಾಗದ ಮೇಲೂ ಗೆರೆ ನೇರವಾಗಿ ಬಂತು. ಲಿಂಗ ಕೈಗೆ ತೆಗೆದುಕೊಂಡಾಗ ಡಾಕ್ಟರ್ ಸಾಹೇಬರು ಗಾಡಿಯ ವಿಚಾರ ಕೇಳಲು ದಡದಡ ಬಂದವರು ಬಾಗಿಲಲ್ಲೇ ನಿಂತರು. ನಾನು ಕಣ್ಣಲ್ಲೇ ಆಯಿತು ಎಂದೆ. ಅವರು ಚಪ್ಪಲಿ ಕಳೆದು ಪಕ್ಕಕ್ಕಿಟ್ಟು, “ಘಾಯಿ ಕರೂ ನಕಾ, ಸಿಸ್ಟರ್,” ಎಂದು ಪಿಸುಗುಟ್ಟಿದರು. ಅವಸರ ಬೇಡ ಎಂದು. ಅವರ ಬಾಯಿಂದ ಆ ಮಾತು ಬಂದದ್ದನ್ನು ಮಾವಶಿ ಆಮೇಲೆ ವಾರಗಟ್ಟಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದಳು.

ನೀಲಮ್ಮನ ನಂತರ ನನ್ನ ಕೆಲಸದ ರೀತಿ ಬದಲಾಯಿತು. ಇವರಿಗೆ ಹೆದರಿಕೆ ಎಂದು ಒಂದೇ ಮಾತಿನಲ್ಲಿ ಮುಗಿಸುವುದನ್ನು ಬಿಟ್ಟೆ, ಯಾವುದಕ್ಕೆ ಎಂದು ನೋಡಲು ಕೂತೆ. ಎಣ್ಣೆ ಗಾಣದ ಮನೆಯ ಒಬ್ಬ ದೊಡ್ಡ ಮನುಷ್ಯ ಇದ್ದರು, ಅವರದೂ ಇದೇ ತೆರ. ಬಿ.ಪಿ. ನೋಡಲು ಪಟ್ಟಿ ಸುತ್ತಿದರೆ ಎದ್ದೋಡುತ್ತಿದ್ದರು. ಅವರ ತಮ್ಮನ ಜೊತೆ ಮಾತಾಡಿದ ಮೇಲೆ ಗೊತ್ತಾಯಿತು, ಪಟ್ಟಿ ಬಿಚ್ಚುವಾಗಿನ ಚರ್ರ್ ಸದ್ದು ಅವರಿಗೆ ಆಗುವುದಿಲ್ಲ. ಸುತ್ತಿದ್ದಕ್ಕಲ್ಲ, ಮುಂದೆ ಬಿಚ್ಚುತ್ತಾರಲ್ಲ ಎಂದು ಮೊದಲೇ ಓಡುತ್ತಿದ್ದರು. ಕಿವಿಗೆ ಹತ್ತಿಯಿಟ್ಟು ಟವೆಲ್ಲಿನೊಳಗೆ ಮೆಲ್ಲಗೆ ಬಿಚ್ಚಿದೆವು, ಅಷ್ಟೇ ಸಾಕಾಯಿತು. ಇನ್ನು ಕೆಲವರ ಕಾರಣ ನನಗೆ ಕೊನೆಯವರೆಗೂ ಸಿಗಲಿಲ್ಲ. ಅವರನ್ನು ಲಾತೂರಿಗೇ ಕಳಿಸಿದ್ದೇನೆ, ಅದರಲ್ಲಿ ನಾಚಿಕೆಯೇನಿಲ್ಲ. ನಿಮಗೂ ಎಲ್ಲರದೂ ಸಿಗುವುದಿಲ್ಲ. ಮನೆಯವರನ್ನು ಕೇಳಿ, ಅವರಿಗೂ ತಿಳಿಯದಿದ್ದರೆ ಆ ಮನುಷ್ಯನನ್ನೇ ನೋಡುತ್ತಾ ಕೂರಿ.

ನೀಲಮ್ಮ ಉಳಿದ ಸರತಿಗಳಿಗೂ ಹಾಗೆಯೇ ಬಂದಳು, ಒದ್ದೆ ಕೂದಲು, ಖಾಲಿ ಹಣೆ, ಬಿಳಿ ಗಂಟು. ಇನ್ನು ಎಷ್ಟು ಉಳಿದಿವೆ ಎಂದು ಪ್ರತಿ ಸಲ ನಿಜವೇ ಹೇಳುತ್ತಿದ್ದೆ. ಆಕೆ ಎಂದೂ ಉತ್ತರಿಸಲಿಲ್ಲ. ಆಕೆ ಈಗಲೂ ಇದ್ದಾಳೆ, ಅಂದು ನಾಯಿಯ ಬಾಯಿಂದ ಬಿಡಿಸಿದ ಕರು ಈಗ ಎರಡು ಕರುಗಳ ತಾಯಿ.

ಕೊನೆಯ ಸರತಿಯ ದಿನ ಎರಡೂ ತೋಳು ಆದ ಮೇಲೆ ನಾನು ಏನೂ ಹೇಳದೆ ಸಿರಿಂಜು ಡಬ್ಬಿಗೆ ಹಾಕಿದೆ. ಆಕೆ ಎಂದಿನಂತೆ ವಿಭೂತಿ ಹಚ್ಚಿಕೊಂಡಳು, ಪೂಜೆ ಮಾಡಿದಳು, ಗುಟುಕು ನೀರು ಕುಡಿದಳು, ಗಂಟು ಕಟ್ಟಿದಳು. ಬಾಗಿಲ ತನಕ ಹೋಗಿ ತಿರುಗಿ ಬಂದಳು. ನನ್ನ ಮುಖ ನೋಡಲಿಲ್ಲ. ನನ್ನ ತೋಳಿನ ಮೇಲೆ ಮೂರು ಬೆರಳಿಟ್ಟು, ಮೆಲ್ಲಗೆ, “ಮುಗೀತು,” ಅಂದಳು.

ನಾನು ಸರ್ವೀಸಿನುದ್ದಕ್ಕೂ ದೊಡ್ಡ ದನಿಯಲ್ಲಿ ಹೇಳುತ್ತಾ ಬಂದ ಮಾತದು. ಎಲ್ಲವೂ ಮುಗಿದ ಮೇಲೆ ಅದನ್ನು ಒಬ್ಬರು ಹೇಳಿದ್ದನ್ನು ಕೇಳಿದ್ದು ಅಂದೇ ಮೊದಲು.